ಒಂದೇ ಕಾಡಿನ ಬಗ್ಗೆ ಎರಡು ಪ್ರಬಂಧ ಹೇಗೆ?

ಪ್ರಶ್ನೆ: ನಿಸರ್ಗದ ಬಗ್ಗೆ ಜೀವಶಾಸ್ತ್ರಕ್ಕೊಂದು, ಇತಿಹಾಸಕ್ಕೊಂದು ಪ್ರಬಂಧ ಬರೆಯಬೇಕು. ಎರಡರಲ್ಲೂ ಅದೇ ಮಾತು, ಸುಮ್ನೆ ತಲೆಬರಹ ಬದಲಿಸಿದ ಹಾಗಿದೆ. ಏನು ಮಾಡಲಿ?

ಉತ್ತರ 1: ವಿಷಯ ಹಾಗೇ ಇರಲಿ, ಪ್ರಶ್ನೆ ಬದಲಿಸಿ. ಅಮೆರಿಕದ ಯೆಲ್ಲೊಸ್ಟೋನ್ ಕಾಡನ್ನೇ ತಗೊಳ್ಳಿ. 1995ರಲ್ಲಿ ತೋಳಗಳನ್ನು ಮರಳಿ ತಂದು ಬಿಟ್ಟ ಮೇಲೆ ಅವು ಬೇಟೆಯಾಡುವ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಸಂಖ್ಯೆ ಏನಾಯಿತು ಅನ್ನುವುದು ಜೀವಶಾಸ್ತ್ರ, ಅಲ್ಲಿ ಎಣಿಕೆ ಬೇಕು, ಎಣಿಸಿದ ವಿಧಾನವೂ ಬೇಕು. 1872ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತಲ್ಲ, ಆಮೇಲೆ ಅಲ್ಲಿದ್ದ ಮೂಲನಿವಾಸಿಗಳನ್ನು ಹೇಗೆ ಹೊರಗೆ ಕಳಿಸಿದರು ಅನ್ನುವುದು ಇತಿಹಾಸ. ಅದಕ್ಕೆ ಕಾಯ್ದೆ, ಪತ್ರ, ಹಳೆಯ ನಕ್ಷೆಗಳೇ ಸಾಕ್ಷಿ.

ಉತ್ತರ 2: ಭಾಷೆಯೂ ಬೇರೆ, ಅಲ್ವಾ? ಜೀವಶಾಸ್ತ್ರದಲ್ಲಿ ‘ಕಾಡು ಅಳುತ್ತಿದೆ’ ಅಂತ ಬರೆದು ನಾನು ಅಂಕ ಕಳೆದುಕೊಂಡೆ. ಸಾಹಿತ್ಯದಲ್ಲಾದರೆ ಆ ಒಂದು ಸಾಲಿನ ಮೇಲೇ ಪುಟಗಟ್ಟಲೆ ಬರೆಯಬಹುದಿತ್ತು!

ಕೇಳಿದವರು: ಓ, ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ. ತೋಳದಿಂದ ಶುರು ಮಾಡುತ್ತೇನೆ.