ಸಹಾಯ ಬೇಕು: ಒಸಿಡಿಗೆ ಮೈಸೂರಲ್ಲಿ ಥೆರಪಿ ಕೊಡೋರು ಗೊತ್ತಾ?

ನಮಸ್ಕಾರ, ನಾನು ಮಂಡ್ಯದವಳು. ಒಸಿಡಿಗೆ, ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ನುಗ್ಗಿ ಮಾಡಿದ್ದನ್ನೇ ಮಾಡಿಸುವ ಮಾನಸಿಕ ಕಾಯಿಲೆಗೆ, ಎಂಟು ತಿಂಗಳಿಂದ ಮಾತ್ರೆ ನಡೀತಿದೆ. ಕೈ ತೊಳೆಯುವುದು ಕಮ್ಮಿಯಾಗಿದೆ. ಆದರೆ ಈಳಿಗೆ ಮಣೆ ಮುಂದೆ ಕೂತು ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಮಗು ಆಡ್ತಾ ಇದ್ದರೆ, ನಾನೇ ಅದಕ್ಕೆ ಏನಾದರೂ ಮಾಡಿಬಿಟ್ಟರೆ ಅನ್ನೋ ಯೋಚನೆ ನುಗ್ಗುತ್ತದೆ, ಕೈಕಾಲು ತಣ್ಣಗಾಗುತ್ತದೆ. ನನಗೆ ಪ್ರಾಣಕ್ಕಿಂತ ಜಾಸ್ತಿ ಆ ಮಗು. ಈಳಿಗೆ ಮಣೆಯನ್ನು ಅಟ್ಟಕ್ಕೆ ಹಾಕಿದ್ದೇನೆ. ಹೀಗೆ ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಸ್ವಲ್ಪ ಸ್ವಲ್ಪವೇ ಎದುರಿಸೋದನ್ನು ಕಲಿಸುವ ಇಆರ್‌ಪಿ ಥೆರಪಿ ಮಾಡಿಸಿಕೊಳ್ಳಿ ಅಂದರು ಡಾಕ್ಟರು. ಅತ್ತೆ ಸುಮ್ನೆ ದೃಷ್ಟಿ ತೆಗೀತಾರೆ, ಅವರಿಗೂ ಗಾಬರಿ ಅಲ್ವಾ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ದೆ, ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿದರು. ವಾರ ವಾರ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋದು ಕಷ್ಟ. ಮೈಸೂರಲ್ಲಿ ಕನ್ನಡದಲ್ಲೇ ಇಆರ್‌ಪಿ ಮಾಡಿಸುವವರು ಗೊತ್ತಿದ್ದರೆ, ಫೀಸು ಎಷ್ಟು ಅಂತಲೂ ದಯವಿಟ್ಟು ತಿಳಿಸಿ. ಇದೇ ಥರ ಯೋಚನೆ ಬಂದು ಈಗ ಆರಾಮಾಗಿರುವ ತಾಯಂದಿರು ಇದ್ದರೆ ಒಂದು ಮೆಸೇಜ್ ಹಾಕಿ.