ಪದಚರ್ಚೆ: ‘ಎದೆಗೆ ಹಾಕಿ’ ಅಂದರೆ ಯಾವುದು?

ಎಲ್ಲರಿಗೂ ನಮಸ್ಕಾರ.

ಉಡುಪಿ ಕಡೆಯ ಹಳ್ಳಿಯೊಂದರ ಮಿಷನ್ ಆಸ್ಪತ್ರೆಗೆ ಒಂದು ಕರಪತ್ರ ಬರೆದು ಕೊಡುತ್ತಿದ್ದೇನೆ. (ಪೇಟೆಯವರಿಗೆ ಮಿಷನ್ ಆಸ್ಪತ್ರೆ ಅಂದರೆ 1923ರಲ್ಲಿ ಶುರುವಾದ ಲೊಂಬಾರ್ಡ್ ಆಸ್ಪತ್ರೆ. ಇದು ಅದಲ್ಲ.) ದಿನ ತುಂಬುವ ಮೊದಲೇ ಹುಟ್ಟಿದ ಮಗುವನ್ನು ನೋಡಿಕೊಳ್ಳುವ ಬಗ್ಗೆ. ಒಂದು ಪದದಲ್ಲಿ ಸಿಕ್ಕಿಬಿದ್ದಿದ್ದೇನೆ.

ಸರಕಾರಿ ಪೋಸ್ಟರಿನಲ್ಲಿ ಅದು ‘ಕಾಂಗರೂ ತಾಯಿ ಆರೈಕೆ’. ಮಗುವಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಬೇರೆ ಬಟ್ಟೆ ಇಲ್ಲ. ತಾಯಿಯ ಬರಿಮೈ ಎದೆಯ ಮೇಲೆ ಕಪ್ಪೆಯ ಹಾಗೆ ಕೈಕಾಲು ಮಡಚಿ ನೆಟ್ಟಗೆ ಇಟ್ಟು, ಮೇಲಿಂದ ಬಟ್ಟೆ ಸುತ್ತಿ ಕಟ್ಟುವುದು. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ (ಎಳೆಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೇ ಹೋದಾಗ ಶುರುವಾದ ಪದ್ಧತಿ. ದಿನಕ್ಕೆ 8ರಿಂದ 24 ಗಂಟೆ ಇಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಕಾಂಗರೂ ಅಂದರೆ ಇಲ್ಲಿನ ಅಜ್ಜಿಯಂದಿರಿಗೆ ಏನು ಹೊಳೆಯಬೇಕು?

ಹಾಗಾಗಿ ಸಿಸ್ಟರುಗಳು ‘ಎದೆಗೆ ಹಾಕಿ’ ಅನ್ನುತ್ತಾರೆ. ತೊಡಕು ಇರುವುದೇ ಇಲ್ಲಿ. ಎದೆಗೆ ಹಾಕುವುದು ಅಂದರೆ ಹಾಲು ಕುಡಿಸುವುದು ಅಂತಲೂ ಆಗುತ್ತದೆ, ಅಲ್ವಾ? ಮೊನ್ನೆ ಒಬ್ಬ ಬಾಣಂತಿ ಹಾಗೇ ತಿಳಿದು, ಮೂಗಿಗೆ ನಳಿಗೆ ಹಾಕಿದ್ದ ಮಗುವಿಗೆ ಹಾಲು ಕೊಡಲು ಹೊರಟರು. “ಹಾಲಿಗಲ್ಲ ಅಮ್ಮ, ಮೈ ಬೆಚ್ಚಗಾಗಲಿಕ್ಕೆ!” ಅಂತ ಸಿಸ್ಟರ್ ಓಡಿ ಬಂದರು. ಬಸಿರಿನ ಲೆಕ್ಕದಲ್ಲಿ ಸುಮಾರು 34 ವಾರ ಆಗುವವರೆಗೆ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಸರಿಯಾಗಿ ಕೂಡಿ ಬರುವುದಿಲ್ಲ. ಅಲ್ಲಿವರೆಗೆ ತಾಯಿಯ ಹಾಲನ್ನೇ ಹಿಂಡಿ ನಳಿಗೆಯಲ್ಲಿ ಕೊಡುತ್ತಾರೆ, ಆಮೇಲೆ ಒಳಲೆಯಲ್ಲಿ, ಅಂದರೆ ಕೊಕ್ಕಿರುವ ಪುಟ್ಟ ಬಟ್ಟಲಿನಲ್ಲಿ. ಸಿಸ್ಟರುಗಳ ಬಾಯಲ್ಲಿ ಅದು ‘ಪಲಾಡ’. ಕರಪತ್ರದಲ್ಲಿ ಒಳಲೆ ಅಂತಲೇ ಬರೆದಿದ್ದೇನೆ, ಆ ಪದದ ಚಿಂತೆ ಇಲ್ಲ.

ತುಳುವಿನಲ್ಲಿ ಈ ಗೊಂದಲವಿಲ್ಲ. ತಿಗಲೆ ಬೇರೆ, ಮಿರೆ ಬೇರೆ. ಕನ್ನಡದಲ್ಲೂ ಎದೆ ಬೇರೆ, ಮೊಲೆ ಬೇರೆ. ಆದರೆ ನಾಚಿಕೊಂಡು ಮೊಲೆಹಾಲನ್ನು ಎದೆಹಾಲು ಮಾಡಿದೆವು. ಈಗ ಎರಡೂ ಕೆಲಸ ಎದೆಯ ತಲೆಗೇ ಬಿದ್ದಿದೆ!

ಬದಲಿ ಪದ ಹುಡುಕಿದೆ. ಇಂಗ್ಲಿಷಿನ ‘ಸ್ಕಿನ್ ಟು ಸ್ಕಿನ್’ ಅನ್ನು ‘ಚರ್ಮಕ್ಕೆ ಚರ್ಮ’ ಅಂದರೆ ನನಗೆ ತುರಿಕಜ್ಜಿಯ ನೆನಪಾಗುತ್ತದೆ. ‘ಎದೆಯಪ್ಪುಗೆ’ ಚಂದ, ಆದರೆ ಕವನದ ಮಾತು. ಸುಮ್ನೆ ಎರಡು ನಿಮಿಷ ಅಪ್ಪಿಕೊಂಡು ತೊಟ್ಟಿಲಿಗೆ ಹಾಕಿಬಿಡುತ್ತಾರೆ. ನನ್ನ ಒಲವು ‘ಎದೆಗೆ ಕಟ್ಟಿಕೊಳ್ಳುವುದು’. ಕಟ್ಟುವುದು ಅಂದ ಮೇಲೆ ಬಟ್ಟೆ ಬೇಕು, ಜಾಸ್ತಿ ಹೊತ್ತು ಇರಬೇಕು ಅನ್ನುವುದು ತಾನಾಗಿ ಬರುತ್ತದೆ. ತಾಯಿಗೆ ಸುಸ್ತಾದಾಗ ಅಪ್ಪನೂ ಕಟ್ಟಿಕೊಳ್ಳಬಹುದು, ಅಜ್ಜಿಯೂ. ‘ತಾಯಿ ಆರೈಕೆ’ ಅಂತ ಬರೆದರೆ ಅಪ್ಪ ವರಾಂಡದಲ್ಲೇ ಉಳಿಯುತ್ತಾನೆ. ಕಟ್ಟಿಕೊಳ್ಳುವುದು ಅಂದರೆ ಮದುವೆ ಅಂತ ನಗುವವರು ಇರಬಹುದು. ‘ಎದೆಗೆ’ ಸೇರಿದರೆ ಆ ಅರ್ಥ ಬರಲಾರದು ಅಂದುಕೊಂಡಿದ್ದೇನೆ.

ಕುಂದಾಪುರ, ಕಾರ್ಕಳ, ಸುಳ್ಯ ಕಡೆಯವರೇ, ಎಳೆಮಗುವನ್ನು ಹೀಗೆ ಮೈಗೆ ತಾಗಿಸಿ ಇಟ್ಟುಕೊಳ್ಳುವುದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ? ಬ್ಯಾರಿ, ಕೊಂಕಣಿ ಮನೆಗಳ ಮಾತೂ ಬೇಕು. ಸಂಸ್ಕೃತದಿಂದ ಹೊಸ ಪದ ಕಟ್ಟಿ ಕಳಿಸಬೇಡಿ ಮಾರಾಯ್ರೆ, ‘ಅವಧಿಪೂರ್ವ ಶಿಶು’ವಿನಲ್ಲೇ ಸಾಕುಸಾಕಾಗಿದೆ.