ಮಳೆಗಾಲದಲ್ಲಿ 20 ನಿಮಿಷ ಮಸುಕು, ಮೇಲ್ಭಾಗ ಮಡಚಿದ ಚಿತ್ರ: 21 ಇಂಚಿನ ಹಳೆ ಕಲರ್ ಟಿವಿ

ಮೂಡಿಗೆರೆ_ಜಡಿಮಳೆ:
ತೊಂಬತ್ತರ ದಶಕದ 21 ಇಂಚಿನ ಸೆಟ್. ಎವಿ ಇನ್‌ಪುಟ್ ಇದೆ, ಸೆಟ್‌ಟಾಪ್ ಬಾಕ್ಸಿನ ಹಳದಿ ಪಿನ್ನಿಂದ ಚಿತ್ರ ಬರುತ್ತೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಆನ್ ಮಾಡಿದ ಕೂಡಲೇ ಚಿತ್ರವೆಲ್ಲ ಮಂಜು ಮಂಜು, ಚಾನೆಲ್ ನಂಬರೂ ಓದಕ್ಕಾಗಲ್ಲ. 15-20 ನಿಮಿಷಕ್ಕೆ ತಾನಾಗೇ ಚೊಕ್ಕವಾಗ್ತಿತ್ತು. ಬೆಳಕು, ಬಣ್ಣ, ಸೌಂಡ್ ಮೊದಲಿಂದಲೂ ಸರಿ.

ಮೆಕ್ಯಾನಿಕ್ ಒಬ್ಬರು ಬಂದು ಇಎಚ್‌ಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಮೇಲಿನ ಎರಡೂ ಗುಂಡಿ ತಿರುಗಿಸಿದರು. ಈಗ ಉಲ್ಟಾ: ಶುರುವಿನಲ್ಲಿ ಕ್ಲಿಯರ್, ಬಿಸಿಯಾದ ಮೇಲೆ ಮಸುಕು. ಜೊತೆಗೆ ಪರದೆ ತುಂಬ ತೆಳ್ಳಗೆ ಬಿಳಿ ಓರೆ ಗೆರೆಗಳು. ಮೇಲಿನ ಎರಡಿಂಚಿನಲ್ಲಿ ಚಿತ್ರ ಮಡಚಿಕೊಂಡಿರೋದು ಮಾತ್ರ ಹೋದ ವರ್ಷದಿಂದಲೂ ಇದೆ. "ಟ್ಯೂಬ್ ಹೋಯ್ತು, ಗುಜರಿಗೆ ಹಾಕಿ" ಅಂತಾರೆ. ಹೌದಾ?

ಸೋಲ್ಡರ್_ಹೊಗೆ (ಚಿಕ್ಕಮಗಳೂರು):
ಟ್ಯೂಬ್ ಹೋಗಿಲ್ಲ ಮಾರಾಯ್ರೆ. ಮೊದಲನೆಯದು ಮಲೆನಾಡಿನ ಮಾಮೂಲಿ ಕಾಯಿಲೆ, ಪಿಕ್ಚರ್ ಟ್ಯೂಬ್ ಬೇಸ್ ಲೀಕ್. ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿರುವ ಸಣ್ಣ ಬೋರ್ಡಿನ ಮೇಲಿನ ಸಾಕೆಟ್ಟೇ ಬೇಸ್. ಅದರೊಳಗೆ ಫೋಕಸ್ (ಚಿತ್ರ ಚೂಪಾಗಿಸುವ) ಪಿನ್ನಿಗೆಂದೇ ಬೇರೆ ಗೂಡು, ಗೂಡಿನಲ್ಲಿ ಸ್ಪಾರ್ಕ್ ಗ್ಯಾಪ್ (ವೋಲ್ಟೇಜ್ ಮಿತಿಮೀರಿದರೆ ಕಿಡಿ ಹಾರಿ ಹೋಗಲು ಬಿಟ್ಟ ಸಂದು) ಇರುತ್ತೆ. ಅಲ್ಲಿಗೆ ಬರುವುದು ಸುಮಾರು 5ರಿಂದ 8 ಸಾವಿರ ವೋಲ್ಟ್, ಆದರೆ ಹತ್ತಾರು ಮೆಗಾಓಮ್ ದಾಟಿ ಬರುವುದರಿಂದ ಕರೆಂಟ್ ಬರೀ ಮೈಕ್ರೋಆಂಪ್ ಲೆಕ್ಕದಲ್ಲಿ. ಥಂಡಿಗೆ ಗೂಡಿನೊಳಗೆ ಕಿಲುಬು ಕಟ್ಟಿ ಚೂರು ಸೋರಿದರೂ ಫೋಕಸ್ ವೋಲ್ಟೇಜ್ ಕುಸಿಯುತ್ತೆ. ಸೆಟ್ ಬಿಸಿಯಾಗಿ ತೇವ ಆರಿದ ಹಾಗೆ ಸೋರಿಕೆ ನಿಂತು ಚಿತ್ರ ತಿಳಿಯಾಗುತ್ತೆ.

ಗುಂಡಿ ತಿರುಗಿಸಿದವರು ಒದ್ದೆ ಬೇಸಿಗೆ ಹೊಂದುವ ಹಾಗೆ ಫೋಕಸ್ ಇಟ್ಟಿದ್ದಾರೆ. ಆರಿದ ಮೇಲೆ ಅದು ತಪ್ಪಲೇಬೇಕು. ಕೆಳಗಿನ ಗುಂಡಿ ಸ್ಕ್ರೀನ್ (ಟ್ಯೂಬಿನ ಒಟ್ಟು ಬೆಳಕಿನ ಮಟ್ಟ), ಅದನ್ನು ಏರಿಸಿದ್ದಕ್ಕೇ ಓರೆ ಗೆರೆ.

ಖಾತ್ರಿ ಮಾಡಿಕೊಳ್ಳಲು: ರಾತ್ರಿಯಿಡೀ ಆಫ್ ಇದ್ದ ಸೆಟ್ಟಿನ ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ತೆಗೆದು, ಹೇರ್ ಡ್ರೈಯರಿನ ಹದ ಬಿಸಿಯಲ್ಲಿ ಬೇಸಿಗೆ ಮೂರ್ನಾಲ್ಕು ನಿಮಿಷ ಗಾಳಿ ಕೊಡಿ. ಆಮೇಲೆ ಆನ್ ಮಾಡಿ. ಹಿಂದಿನ ದಿನ ಮೊದಲ ನಿಮಿಷದಲ್ಲಿ ಇದ್ದ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸ ಕಂಡರೆ ಬೇಸೇ ಕಳ್ಳ.

ಹಾಸನ_ಬೆಂಚ್:
ಒಂದು ಮಾತು ಸೇರಿಸ್ತೀನಿ. ಸವೆದ ಟ್ಯೂಬೂ ಬಿಸಿಯಾದ ಮೇಲೆ ಸುಧಾರಿಸುತ್ತೆ, ಹಾಗಾಗಿ ಬರೀ "20 ನಿಮಿಷಕ್ಕೆ ಸರಿಯಾಯ್ತು" ಅನ್ನೋದನ್ನ ನಂಬಿ ಕೂರಬೇಡಿ. ಸವೆದದ್ದರಲ್ಲಿ ಬೆಳಕೇ ಕಮ್ಮಿ ಇರುತ್ತೆ, ಬಿಳಿ ಜಾಗ ಬೆಳ್ಳಿ ಹಚ್ಚಿದ ಹಾಗೆ ಹರಡುತ್ತೆ, ಒಂದು ಬಣ್ಣ ಹಿಂದೆ ಬೀಳುತ್ತೆ. ನಿಮ್ಮಲ್ಲಿ ಬೆಳಕು ಮೊದಲಿಂದಲೇ ಪೂರ್ತಿ, ಆದ್ದರಿಂದ ಬೇಸ್ ಅನ್ನೋದೇ ಸರಿ. ಸ್ಪ್ರೇ ಹೊಡೆದು ಒರೆಸೋದು ದಂಡ, ಕಿಲುಬು ಇರೋದು ಒಳಗೆ.

ಹೊಸ ಬೇಸ್ ತರುವ ಮೊದಲು ಹಳೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಕುತ್ತಿಗೆ 29 ಮಿ.ಮೀ. ಮತ್ತು 22.5 ಮಿ.ಮೀ. ಎರಡು ಬಗೆ, ಪಿನ್ ಜೋಡಣೆಯೂ ಬೇರೆ ಬೇರೆ. ಹತ್ತಿರ ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್‌ಪಿ ರೋಡೇ ಗತಿ.

ಬಿಚ್ಚೋ ಮೊದಲು ಚಾರ್ಜ್ ಇಳಿಸಿ. ಈ ಅಳತೆಯ ಟ್ಯೂಬಿನಲ್ಲಿ 20-25 ಸಾವಿರ ವೋಲ್ಟ್, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತೆ. ಗಟ್ಟಿ ಪ್ಲಾಸ್ಟಿಕ್ ಹಿಡಿಯ ಉದ್ದನೆ ಸ್ಕ್ರೂಡ್ರೈವರಿನ ಲೋಹದ ಕಡ್ಡಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲಿನ ಹೆಣೆದ ಅರ್ತ್ ತಂತಿಗೆ ಕ್ಲಿಪ್ ಮಾಡಿ (ಚಾಸಿಸ್ಸಿಗೆ ಬೇಡ, ಐಸಿ ಹೋಗುತ್ತೆ), ಆಮೇಲೆ ಇಎಚ್‌ಟಿಯ ದಪ್ಪ ವೈರ್ ಟ್ಯೂಬಿಗೆ ಸೇರುವ ಕಡೆಯ ರಬ್ಬರ್ ಟೊಪ್ಪಿಯ ಅಡಿಗೆ ತುದಿ ತೂರಿಸಿ. ಐದು ನಿಮಿಷ ಬಿಟ್ಟು ಮತ್ತೊಮ್ಮೆ. ಪವರ್ ಸಪ್ಲೈನ ದೊಡ್ಡ ಕಂಡೆನ್ಸರಿನಲ್ಲೂ 300 ವೋಲ್ಟ್ ಮೇಲೆ ನಿಂತಿರಬಹುದು. ಹೋಲ್ಡರಿಗೆ ಹಾಕಿದ 100 ವ್ಯಾಟ್ ಬಲ್ಬಿನ ಎರಡು ವೈರು ತಾಗಿಸಿ ಇಳಿಸಿ. ಈ ಕೆಲಸ ರೂಢಿಯಿಲ್ಲದಿದ್ದರೆ ಕೈಹಾಕಬೇಡಿ, ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಕುತ್ತಿಗೆ ಬೋರ್ಡನ್ನು ನೇರ ಹಿಂದಕ್ಕೆ ಎಳೀಬೇಕು. ಅಲ್ಲಾಡಿಸಿದರೆ ಗಾಜು ಬಿರಿದು ಗಾಳಿ ಹೊಕ್ಕು, ಆಗ ನಿಜವಾಗಿಯೂ ಗುಜರಿಗೇ.

ಸೋಲ್ಡರ್_ಹೊಗೆ (ಚಿಕ್ಕಮಗಳೂರು):
ಹೊಸ ಬೇಸ್ ಹಾಕಿದ ಮೇಲೆ ಮೊದಲು ಸ್ಕ್ರೀನ್: ಬ್ರೈಟ್‌ನೆಸ್, ಕಾಂಟ್ರಾಸ್ಟ್ ನಡುವಲ್ಲಿಟ್ಟು, ಪರದೆ ಪೂರಾ ಕಪ್ಪಾಗುವ ತನಕ ಕೆಳಗಿನ ಗುಂಡಿ ಇಳಿಸಿ, ಮತ್ತೆ ನಿಧಾನ ಏರಿಸಿ. ಕತ್ತಲೆ ದೃಶ್ಯದಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುವ ಜಾಗದಲ್ಲಿ ನಿಲ್ಲಿಸಿ. ಅರ್ಧ ಗಂಟೆ ಓಡಿಸಿ ಆಮೇಲೆ ಫೋಕಸ್. ಚಾನೆಲ್ ನಂಬರಿನ ಅಂಚು ನೋಡಿಕೊಂಡು ಕೂದಲೆಳೆಯಷ್ಟೇ ತಿರುಗಿಸಿ. ಸ್ಕ್ರೀನ್ ಇಳಿಸಿದರೂ ಓರೆ ಗೆರೆ ಹೋಗದಿದ್ದರೆ ಕುತ್ತಿಗೆ ಬೋರ್ಡಿಗೆ ಬರುವ 180-200 ವೋಲ್ಟ್ ಅಳೆಯಿರಿ. ಅದು ಬಿದ್ದಿದ್ದರೆ ಆ ಲೈನಿನ 250 ವೋಲ್ಟಿನ ಸಣ್ಣ ಕಂಡೆನ್ಸರ್ (ಸಾಮಾನ್ಯವಾಗಿ 10 ಮೈಕ್ರೋಫ್ಯಾರಡ್) ಒಣಗಿರುತ್ತೆ.

ಮೇಲ್ಭಾಗದ ಮಡಿಕೆಗೂ ಮಳೆಗೂ ಸಂಬಂಧವಿಲ್ಲ. ಕೆಳಗೆ ಮುಟ್ಟಿದ ಕಿರಣ ಮೇಲಕ್ಕೆ ಗಬಕ್ಕನೆ ಹಾರಬೇಕಾದರೆ ವರ್ಟಿಕಲ್ ಐಸಿಗೆ (ಕಿರಣವನ್ನು ಮೇಲೆ-ಕೆಳಗೆ ಓಡಿಸುವ ಚಿಪ್) ಆ ಕ್ಷಣಕ್ಕೆ ಸುಮಾರು ದುಪ್ಪಟ್ಟು ವೋಲ್ಟೇಜ್ ಬೇಕು. ಅದನ್ನು ಕೊಡೋದು ಐಸಿ ಪಕ್ಕದಲ್ಲೇ ಡಯೋಡಿನ ಜೊತೆ ಇರುವ ಕಂಡೆನ್ಸರ್, ಬಹುತೇಕ 100 ಮೈಕ್ರೋಫ್ಯಾರಡ್. ಹೀಟ್‌ಸಿಂಕಿನ ಕಾವಿಗೆ ಅದು ಒಣಗಿದರೆ ಕಿರಣ ತಡವಾಗಿ ಹತ್ತಿ, ಮೊದಲ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಬೋರ್ಡಿನ ಮೇಲೆ ಬರೆದ ಬೆಲೆಯದನ್ನೇ ಹಾಕಿ, ಆದರೆ 105 ಡಿಗ್ರಿಯದು. ಐಸಿ ಕಾಲುಗಳ, ಯೋಕ್ (ಕುತ್ತಿಗೆ ಸುತ್ತಲಿನ ತಂತಿ ಸುರುಳಿ) ಕನೆಕ್ಟರಿನ ಡ್ರೈ ಸೋಲ್ಡರನ್ನೂ (ಬಿರಿದ ಬೆಸುಗೆ) ಅದೇ ಕೈಯಲ್ಲಿ ಕಾಯಿಸಿಬಿಡಿ. ಚಿತ್ರ ಎಂದಾದರೂ ನಡುವೆ ಒಂದೇ ಅಡ್ಡ ಗೆರೆಯಾದರೆ ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ಪರದೆ ಸುಟ್ಟು ಗೆರೆ ಉಳಿಯುತ್ತೆ.

ಮೂಡಿಗೆರೆ_ಜಡಿಮಳೆ:
ಡ್ರೈಯರ್ ಪರೀಕ್ಷೆಯಲ್ಲೇ ಸಿಕ್ಕಿಬಿತ್ತು: ಒಣಗಿಸಿ ಆನ್ ಮಾಡಿದರೆ ಮೊದಲ ನಿಮಿಷದಿಂದಲೇ ಮಸುಕು. ಅಂದರೆ ಗುಂಡಿ ಒದ್ದೆ ಬೇಸಿಗೆ ಇಟ್ಟದ್ದು ನಿಜ. ಬೇಸ್ ಒಡೆದು ನೋಡಿದರೆ ಗೂಡಿನ ತುಂಬ ಹಸಿರು ಕಿಲುಬು. ಬೇಸ್, ಕಂಡೆನ್ಸರ್ ಎರಡೂ ಹಾಕಿಸಿಯಾಯ್ತು, ಚಿತ್ರ ಮೇಲಿನ ತುದಿವರೆಗೂ ಸರಿ. ಟಿವಿ ಜಾಗ ಬದಲಿಸಿದ್ದಕ್ಕೋ ಏನೋ, ಈಗ ಬಲ ಮೂಲೆಯಲ್ಲಿ ಹಸಿರು ಮಚ್ಚೆ.

ಹಾಸನ_ಬೆಂಚ್:
ಪಕ್ಕದಲ್ಲಿ ಸ್ಟೆಬಿಲೈಸರೋ ಸ್ಪೀಕರೋ ಇದ್ದರೆ ಮೂರಡಿ ದೂರ ಸರಿಸಿ. ಸೆಟ್ಟನ್ನು ಮೇನ್ ಸ್ವಿಚ್ಚಿನಲ್ಲೇ ಅರ್ಧ ಗಂಟೆ ಆಫ್ ಇಟ್ಟು ಆನ್ ಮಾಡಿದಾಗ "ಘುಮ್" ಅಂತ ಕೇಳಬೇಕು. ಅದು ಡಿಗಾಸ್, ಅಂದ್ರೆ ಟ್ಯೂಬಿಗೆ ಹಿಡಿದ ಅಯಸ್ಕಾಂತ ಗುಣ ತೆಗೆಯುವ ಸುರುಳಿಯ ಸದ್ದು. ರಿಮೋಟಿನಲ್ಲಿ ಆಫ್ ಮಾಡಿದರೆ ಎಷ್ಟೋ ಸೆಟ್ಟುಗಳಲ್ಲಿ ಅದು ಕೆಲಸ ಮಾಡಲ್ಲ. ದಿನಕ್ಕೆರಡು ಸಲದಂತೆ ನಾಲ್ಕೈದು ದಿನ ಹೀಗೆ ಮಾಡಿ, ಮಚ್ಚೆ ಕರಗುತ್ತೆ. ಸದ್ದೇ ಇಲ್ಲ ಅಂದ್ರೆ ಪವರ್ ಸಪ್ಲೈ ಹತ್ತಿರದ ಪಾಸಿಸ್ಟರ್ (ಆ ಸುರುಳಿಗೆ ಕರೆಂಟ್ ಬಿಡುವ ಬಿಡಿಭಾಗ) ಬದಲಿಸಿ. ಎರಡು ಕಾಲಿನದೋ ಮೂರು ಕಾಲಿನದೋ ನೋಡಿಕೊಂಡು ತನ್ನಿ.